ನುಚ್ಚಿನ ಬೆಂಚು

ಅಂಬಲಪಾಡಿಯಲ್ಲಿರುವ ನಮ್ಮ ಈಗಿನ ಮನೆಯ ಬಾವಿಕಟ್ಟೆಯ ಸಂದಿಯಲ್ಲಿ ಪ್ರತಿ ಮಳೆಗಾಲ ನೀರುಕಡ್ಡಿ ಗಿಡ ಹುಟ್ಟುತ್ತದೆ. ಮೊನ್ನೆ ಬಗ್ಗಿ ಒಂದು ಕಡ್ಡಿ ಮುರಿದೆ. ಈ ವಯಸ್ಸಿನಲ್ಲಿ ಬಗ್ಗುವುದೇ ಒಂದು ಸಾಹಸ, ಅದನ್ನು ಮೊದಲು ಮೆಚ್ಚಿಕೊಳ್ಳಿ. ಬೆರಳ ನಡುವೆ ಹಿಸುಕಿದಾಗ ತಣ್ಣನೆಯ ರಸ ಇಳಿದು, ಸಾಸಿವೆಯಂತೆ ಸ್ವಲ್ಪ ಘಾಟಾದ ಆ ಹಸಿ ವಾಸನೆ ಮೂಗಿಗೆ ಏರಿತು. ಸ್ಲೇಟಿನ ಮೇಲೆ ತಪ್ಪು ಲೆಕ್ಕವನ್ನು ಈ ಕಡ್ಡಿಯಿಂದ ಒರೆಸಿದವರಿಗೆ ಮಾತ್ರ ಆ ವಾಸನೆಯ ಅರ್ಥ ಗೊತ್ತು. ನೀವು ಒರೆಸಿದ್ದರೆ ನನ್ನ ಜೊತೆ ಬನ್ನಿ. ಒರೆಸದೆ ಇದ್ದರೂ ಬನ್ನಿ, ನಾನು ನಿಮಗಿಂತ ಜೋರಾಗಿ ಒರೆಸುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೂ ಯಾರಾದರೂ ಬೇಕು.

ಐವತ್ತರ ದಶಕದ ಮಾತು. ಕಾಪುವಿನಿಂದ ಉಚ್ಚಿಲಕ್ಕೆ ಹೋಗುವ ದಾರಿಯ ಬದಿಯಲ್ಲಿ ನನ್ನ ದೊಡ್ಡಪ್ಪನ ಮನೆಯಿತ್ತು; ಮನೆಯ ಅಂಗಳ ಮುಗಿಯುವಲ್ಲಿ ಅವರದೇ ಶಾಲೆಯಿತ್ತು. ಆಗ ನಮ್ಮ ಕಡೆ ಒಂದೊಂದು ಮನೆತನದವರು ಒಂದೊಂದು ಶಾಲೆ ಇಟ್ಟುಕೊಳ್ಳುತ್ತಿದ್ದರು. ಹಟ್ಟಿಯಲ್ಲಿ ದನ ಇದ್ದ ಹಾಗೆ ಅಂಗಳದ ಆಚೆ ಮಕ್ಕಳು. ನನ್ನ ಅಪ್ಪ ಕಾರ್ಕಳದ ಪೋಸ್ಟಾಫೀಸಿನಲ್ಲಿದ್ದರು. ನನ್ನ ತಂಟೆ ತಾಳಲಾರದೆ ನನ್ನನ್ನು ಓದುವ ನೆಪದಲ್ಲಿ ಅಣ್ಣನ ಮನೆಗೆ ಸಾಗಹಾಕಿದ್ದರು. ದೊಡ್ಡಮ್ಮ ಕೆಂಡದಲ್ಲಿ ಮಟ್ಟುಗುಳ್ಳ ಬದನೆ ಸುಟ್ಟು ಗೊಜ್ಜು ಮಾಡುವ ದಿನ ಆ ವಾಸನೆ ತೇಲಿ ಬಂದು ಎಂಟನೇ ಕ್ಲಾಸಿನ ತಟ್ಟಿಗೋಡೆಯನ್ನು ದಾಟುತ್ತಿತ್ತು. ಆಗ ದೊಡ್ಡಪ್ಪ ಪಾಠದ ನಡುವೆ ಒಮ್ಮೆ ಮೂಗು ಎತ್ತಿ, ಗಡಿಯಾರ ನೋಡಿ, ಅಕ್ಬರನನ್ನು ಬೇಗ ಬೇಗ ಸಾಯಿಸುತ್ತಿದ್ದರು. ಮೇಷ್ಟ್ರ ಮನಸ್ಸು ಎಂಥದೋ ಮಕ್ಕಳ ಕಲಿಕೆ ಅಂಥದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಶಾಲೆಯಲ್ಲಿ ಮೊಘಲರ ಆಳ್ವಿಕೆಯ ಉದ್ದ ದೊಡ್ಡಮ್ಮನ ಒಲೆಯ ಮೇಲೆ ನಿಂತಿತ್ತು.

ದೊಡ್ಡಪ್ಪ ತಮ್ಮ ಇಪ್ಪತ್ತನೇ ವಯಸ್ಸಿನಲ್ಲಿ ಮೇಷ್ಟ್ರ ತರಬೇತಿ ಮುಗಿಸಿ ಬರುವಾಗ ಒಂದು ದಪ್ಪ ನೋಟ್ಸಿನ ಪುಸ್ತಕ ಬರೆದುಕೊಂಡು ಬಂದಿದ್ದರು. ಆಮೇಲೆ ಅವರು ಬೇರೆ ಏನನ್ನೂ ಓದಲಿಲ್ಲ, ಬರೆಯಲಿಲ್ಲ, ಕೇಳಲಿಲ್ಲ. ಕಲಿಯುವುದು ಮಕ್ಕಳ ಕೆಲಸ, ಮೇಷ್ಟ್ರದಲ್ಲ ಎಂಬುದು ಅವರ ಸಿದ್ಧಾಂತ. ಆ ಪುಸ್ತಕದ ಹಾಳೆಗಳು ಹಳದಿಯಾಗಿ ಹಪ್ಪಳದಂತಾಗಿದ್ದವು. ಆದರೂ ಪ್ರತಿ ವರ್ಷ ಅದೇ ದಿನ, ಅದೇ ಹಾಳೆ, ಅದೇ ತಮಾಷೆ. ಅಣ್ಣಂದಿರಿಂದ ಮೊದಲೇ ಕೇಳಿಕೊಂಡು ಬಂದ ಮಕ್ಕಳು ಅವರು ಬಾಯಿ ತೆರೆಯುವ ಮುಂಚೆಯೇ ನಕ್ಕುಬಿಡುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಗಾಳಿಪಟಕ್ಕೆ ಕಾಗದ ಸಿಗದೆ ಅದರ ಒಂದು ಹಾಳೆ ಕಿತ್ತೆ. ಅದು ನದಿಗಳ ಪಾಠದ ಹಾಳೆ. ಮುಂದಿನ ವಾರ ದೊಡ್ಡಪ್ಪ ಗೋದಾವರಿಯನ್ನು ಮುಗಿಸಿ, ಪುಟ ತಿರುವಿ, ಒಂದು ಕ್ಷಣವೂ ನಿಲ್ಲದೆ ಕಾವೇರಿಗೆ ಹಾರಿದರು. ಹಾಳೆಯಲ್ಲಿದ್ದ ಕೃಷ್ಣಾ ನದಿ ನಮ್ಮ ಶಾಲೆಯ ಮಟ್ಟಿಗೆ ಅಂದೇ ಬತ್ತಿಹೋಯಿತು. ನಂತರದ ಮಕ್ಕಳು ಅದನ್ನು ಕಾಣದೆಯೇ ದೊಡ್ಡವರಾದರು. ಒಂದು ಮಹಾನದಿಯನ್ನು ಗಾಳಿಪಟ ಮಾಡಿ ಹಾರಿಸಿದ ಹುಡುಗ ಈ ಕರಾವಳಿಯಲ್ಲಿ ನಾನೊಬ್ಬನೇ. ಇದನ್ನು ಅಲ್ಲಗಳೆಯುವವರು ಯಾರೂ ಈಗ ಉಳಿದಿಲ್ಲ.

ಆದರೆ ಅವರ ನಿಜವಾದ ಹೆಮ್ಮೆ ಬೆಂಚುಗಳದು. ಕ್ಲಾಸಿನಲ್ಲಿ ಮೂರು ಸಾಲು ಬೆಂಚು. ಅವಕ್ಕೆ ಅವರು ಅಕ್ಕಿಯ ಹೆಸರಿಟ್ಟಿದ್ದರು. ಮುಂದಿನದು ಗಂಧಸಾಲೆ, ನಡುವಿನದು ಕುಚ್ಚಲು, ಹಿಂದಿನದು ನುಚ್ಚು. ಮಗು ಮೊದಲ ದಿನ ಬಂದು ನಿಂತಾಗ ದೊಡ್ಡಪ್ಪ ಅದರ ಹಣೆ ನೋಡಿ, ಅಪ್ಪನ ಹೆಸರು ಕೇಳಿ, ಬೆಂಚು ತೋರಿಸುತ್ತಿದ್ದರು. ಅಲ್ಲಿಂದ ಎಂಟನೇ ಕ್ಲಾಸಿನವರೆಗೆ ಅದೇ ಬೆಂಚು. ಅವರ ಕಣ್ಣಿಗೆ ಎಂಥ ಶಕ್ತಿಯಿತ್ತೋ, ಗಂಧಸಾಲೆಯೆಲ್ಲ ನಮ್ಮ ನೆಂಟರಿಷ್ಟರ ಮನೆಗಳಲ್ಲೇ ಬೆಳೆಯುತ್ತಿತ್ತು. ಕಡಲಿನ ಬದಿಯಿಂದ ಬಂದದ್ದು ಹೆಚ್ಚುಕಡಿಮೆ ಎಲ್ಲವೂ ನುಚ್ಚು. ನಾನು, ಭಾಗಾಕಾರ ಕಂಡರೆ ಹೊಟ್ಟೆನೋವು ಬರುತ್ತಿದ್ದ ನಾನು, ಗಂಧಸಾಲೆಯ ಮೊದಲ ಕಾಳು. ಸ್ಲೇಟುಗಳನ್ನು ಬೆಂಚಿನ ಲೆಕ್ಕದಲ್ಲಿ ಮೂರು ಅಟ್ಟಿ ಮಾಡಿ ತರಿಸಿಕೊಂಡು, ಮೊದಲ ಅಟ್ಟಿಗೆ ಸರಿ ಗೀಟು, ಕೊನೆಯ ಅಟ್ಟಿಗೆ ತಪ್ಪು ಗೀಟು ಎಳೆಯುತ್ತ ಅವರು ವೀಳ್ಯ ಮೆಲ್ಲುತ್ತಿದ್ದರು. ಇಂಥವರೊಬ್ಬರು ನಿಮ್ಮ ಊರಲ್ಲೂ ಇದ್ದಿರಬೇಕು. ಊರವರು ಅವರಿಗೆ ಶಾಲು ಹೊದಿಸಿಯೂ ಇರಬೇಕು.

ಶಾಲೆಯ ಬಾಗಿಲ ಮೇಲೊಂದು ಹಲಗೆಯಿತ್ತು: ಎಂಟನೆಯ ತರಗತಿ, ನೂರಕ್ಕೆ ನೂರು. ಎಂಟನೆಯದಕ್ಕೆ ಆಗ ಸರಕಾರಿ ಪರೀಕ್ಷೆ. ಉಡುಪಿಗೆ ಹೋಗಿ ಬರೆಯಬೇಕು. ನಮ್ಮ ಶಾಲೆಯಿಂದ ಒಬ್ಬರೂ ನಪಾಸಾದದ್ದಿಲ್ಲ. ಹೇಗೆ ಎನ್ನುತ್ತೀರಾ? ಅದಕ್ಕೆ ಮುಂಚೆ ಶಾಲೆಯಲ್ಲೇ ಒಂದು ಆಯ್ಕೆ ಪರೀಕ್ಷೆ ಮಾಡಿ, ನುಚ್ಚಿನ ಬೆಂಚಿನವರನ್ನು ಉಡುಪಿಗೆ ಕಳಿಸದೆ ಅಲ್ಲೇ ಕೂರಿಸಿಬಿಡುತ್ತಿದ್ದರು. ಒಂದು ವರ್ಷ ಹೀಗೆ ಕೂತ ಮಗು ಇನ್ನೊಂದು ವರ್ಷ ಬರುತ್ತಿರಲಿಲ್ಲ. ಹಲಗೆಯ ಮೇಲಿನ ಬಣ್ಣ ಮಾತ್ರ ಹೊಳೆಯುತ್ತಿತ್ತು.

ಈ ಮನೆಗೆ, ಈ ಶಾಲೆಗೆ ಎಮಿಲಿ ಟೀಚರ್ ಬರುತ್ತಿದ್ದದ್ದು ಶಂಕರಪುರದಿಂದ. ಮಲ್ಲಿಗೆ ಬೆಳೆಯುವ ಮನೆಯ ಹೆಂಗಸು, ತಲೆಗೆ ಮಾತ್ರ ಒಂದು ಮೊಗ್ಗೂ ಮುಡಿಯುತ್ತಿರಲಿಲ್ಲ. ಮಧ್ಯಾಹ್ನ ನಮ್ಮ ಜಗಲಿಯ ತುದಿಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಅವರಿಗೆಂದೇ ಒಂದು ಲೋಟ ಕಂಬದ ಬುಡದಲ್ಲಿ ಕವುಚಿ ಇರುತ್ತಿತ್ತು, ದೊಡ್ಡಮ್ಮ ಅದಕ್ಕೆ ಮೇಲಿನಿಂದ ಮಜ್ಜಿಗೆ ಹೊಯ್ಯುತ್ತಿದ್ದರು. ಮೊದಮೊದಲು ಈ ಟೀಚರೂ ದೊಡ್ಡಪ್ಪನ ಅಚ್ಚೇ. ಕಿವಿಯ ತುದಿಗೆ ಉಗುರು ಊರಿ ಹಿಂಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ನನ್ನ ಎಡಕಿವಿ ನೋಡಿ ಬೇಕಾದರೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅವರು ಎರಡು ವರ್ಷ ತರಬೇತಿಗೆಂದು ಮಂಗಳೂರಿಗೆ ಹೋದರು. ನಾವು ಅಂಗಳದಲ್ಲಿ ಕುಣಿದೆವು.

ವಾಪಸು ಬಂದದ್ದು ಅದೇ ಕೊಡೆ, ಅದೇ ನೀಲಿ ಅಂಚಿನ ಸೀರೆ. ಒಳಗೆ ಮಾತ್ರ ಯಾರೋ ಬೇರೆ. ಕ್ಲಾಸಿಗೆ ಬಂದು ಮೊದಲು ನುಚ್ಚಿನ ಬೆಂಚಿನ ಜಲಜಳ ಸ್ಲೇಟು ಎತ್ತಿಕೊಂಡರು. ಜಲಜ ಉಚ್ಚಿಲದ ಹುಡುಗಿ. ಅಪ್ಪ ಕಡಲಿಗೆ ಹೋಗುತ್ತಿದ್ದ, ತಾಯಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಸ್ಲೇಟಿನ ಭಾಗಾಕಾರದ ಉತ್ತರ ತಪ್ಪಿತ್ತು. ಅವಳು ರೂಢಿಯಂತೆ ಕಿವಿ ಮುಂದೆ ಮಾಡಿದಳು. ಟೀಚರ್ ಹಿಂಡಲಿಲ್ಲ.

"ಇದು ನಿನಗೆ ಹೇಗೆ ಬಂತು? ಹೇಳು ನೋಡುವ" ಎಂದರು.

ಇದು ಹೊಸ ನಮೂನೆಯ ಶಿಕ್ಷೆಯೆಂದು ನಾವೆಲ್ಲ ಹೆದರಿದೆವು. ಜಲಜ ನೆಲ ನೋಡುತ್ತ ಹೇಳಿದಳು: "ಅಮ್ಮ ಬೂತಾಯಿ ಮೀನಿನ ರಾಶಿ ಪಾಲು ಮಾಡ್ತಾರಲ್ಲ ಟೀಚರ್, ಹಾಗೆ. ಮೊದಲು ಎರಡು ರಾಶಿ. ಮತ್ತೆ ಅದನ್ನು ಎರಡೆರಡು. ನಾಲ್ಕು ಜನ ಆದ್ರೆ ಬರ್ತದೆ, ಎಂಟು ಜನ ಆದ್ರೂ ಬರ್ತದೆ. ಆರು ಜನ ಆದ್ರೆ ಬರುದಿಲ್ಲ."

"ಆರು ಜನ ಬಂದ್ರೆ ಅಮ್ಮ ಎಂತ ಮಾಡ್ತಾರೆ?"

"ಜಗಳ ಮಾಡ್ತಾರೆ."

ಟೀಚರ್ ನಕ್ಕರು. ಅವರಿಗೆ ಹಲ್ಲಿರುವುದು ನಮಗೆ ಗೊತ್ತಾದದ್ದೇ ಅಂದು. ಆಮೇಲೆ ಸ್ಲೇಟು ಹಿಡಿದು ಯೋಚಿಸುತ್ತ ನಿಂತು, "ನಿನ್ನ ದಾರಿ ಸರಿ ಉಂಟು ಜಲಜ. ಆದ್ರೆ ಅಲ್ಲಿಂದ ಆರಕ್ಕೆ ಹೇಗೆ ಕರ್ಕೊಂಡು ಹೋಗುದು ಅಂತ ನನಗೂ ಗೊತ್ತಿಲ್ಲ. ನಾಳೆ ನೋಡ್ಕೊಂಡು ಬರ್ತೇನೆ" ಎಂದರು.

ತಟ್ಟಿಯ ಆಚೆ ಅಕ್ಬರ ತಟಕ್ಕನೆ ನಿಂತುಬಿಟ್ಟ. ಮಧ್ಯಾಹ್ನ ಜಗಲಿಯಲ್ಲಿ ದೊಡ್ಡಪ್ಪ ಅಡಿಕೆ ಹೋಳು ಮಾಡುತ್ತ ಕೇಳಿದರು: "ಮಕ್ಕಳ ಎದುರು ಗೊತ್ತಿಲ್ಲ ಅಂತ ಹೇಳುದಾ ಟೀಚರ್? ನಾಳೆ ಅವು ನಮ್ಮ ಬೆಲೆ ಎಂತ ಮಾಡಿಯಾವು?"

"ಗೊತ್ತಿಲ್ಲದ್ದು ಗೊತ್ತಿಲ್ಲ ಅಲ್ವಾ ಮಾಸ್ಟ್ರೇ. ನಾಳೆ ಗೊತ್ತಾಗ್ತದೆ."

"ಎರಡು ವರ್ಷ ತರಬೇತಿ ಮಾಡಿ ಗೊತ್ತಿಲ್ಲ ಅನ್ಲಿಕ್ಕೆ ಕಲಿತು ಬಂದದ್ದಾ ನೀವು?"

"ಹೌದು. ಅದೇ ಸ್ವಲ್ಪ ಕಷ್ಟ ಆದದ್ದು" ಎಂದು ಟೀಚರ್ ಮಜ್ಜಿಗೆ ಲೋಟ ಎತ್ತಿದರು. ಒಳಗೆ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುವುದನ್ನು ನಾನು ಕಂಡೆ. ಆ ಮನೆಯಲ್ಲಿ ದೊಡ್ಡಮ್ಮ ನಕ್ಕದ್ದು ನನಗೆ ನೆನಪಿರುವುದು ಎರಡೋ ಮೂರೋ ಸಲ. ಅದರಲ್ಲಿ ಇದು ಒಂದು.

ಮರುದಿನ ಟೀಚರ್ ಹುಣಸೆಬೀಜ ತಂದರು. ಎರಡು ರಾಶಿ, ಒಂದೊಂದು ರಾಶಿಯನ್ನು ಮೂರು ಪಾಲು. ಜಲಜ ಅದನ್ನು ನೋಡಿದ ರೀತಿಯನ್ನು ನಾನು ಹೇಗೆ ವರ್ಣಿಸಲಿ? ಬಾಗಿಲು ಎಂದು ತಿಳಿಯದೆ ಗೋಡೆ ಎಂದುಕೊಂಡದ್ದನ್ನು ಯಾರೋ ತಳ್ಳಿ ತೆರೆದ ಹಾಗಿತ್ತು. ಆಮೇಲಿನ ಎರಡು ವರ್ಷದಲ್ಲಿ ಆ ಹುಡುಗಿ ಲೆಕ್ಕವನ್ನು ಅಗಿದು ನುಂಗಿದಳು. ಉಚ್ಚಿಲದಿಂದ ನಡೆದು ಬರುವಾಗ ದಾರಿಯ ಮೈಲಿಕಲ್ಲುಗಳನ್ನು ಕೂಡಿಸುತ್ತ ಭಾಗಿಸುತ್ತ ಬರುತ್ತಿದ್ದಳು. "ಎಂಟನೇದು ಪಾಸಾದ್ರೆ ತರಬೇತಿಗೆ ಹೋಗ್ಲಿಕ್ಕೆ ಆಗ್ತದಂತೆ ಮಾರಾಯ, ಟೀಚರ್ ಹೇಳಿದ್ದು" ಎಂದು ನನಗೆ ಒಮ್ಮೆ ಹೇಳಿದಳು. ಟೀಚರ್ ಆಗುವ ಆಸೆ. ನಮ್ಮ ಗಂಧಸಾಲೆಯ ಬೆಂಚಿನಲ್ಲಿ ಒಬ್ಬನಿಗೂ ಏನೂ ಆಗುವ ಆಸೆ ಇರಲಿಲ್ಲ. ನಾವು ಆಗಿಯೇ ಹುಟ್ಟಿದ್ದೆವು. ಆದರೆ ಎಂಟನೇ ಕ್ಲಾಸಿನ ಲೆಕ್ಕಕ್ಕೆ ಟೀಚರ್ ಅಲ್ಲ, ದೊಡ್ಡಪ್ಪ. ಬೆಂಚು ಅದೇ ನುಚ್ಚು.

ಆಯ್ಕೆ ಪರೀಕ್ಷೆ ಬಂತು. ಲೆಕ್ಕದ ಪೇಪರಿನಲ್ಲಿ ನಾನು ನನ್ನ ಹೆಸರು, ಪ್ರಶ್ನೆಗಳ ಸಂಖ್ಯೆ, ಒಂದು ಆನೆಯ ಚಿತ್ರ ಬರೆದು ಎದ್ದುಬಂದೆ. ಎದ್ದು ಬರಲು ನನಗೆ ಧೈರ್ಯ ಎಲ್ಲಿಯದು ಎಂದರೆ, ಪೇಪರುಗಳ ಕಟ್ಟು ಸೇರುವುದು ನಮ್ಮ ಜಗಲಿಗೇ. ಊಟವಾಗಿ ದೊಡ್ಡಪ್ಪ ಆರಾಮಕುರ್ಚಿಯಲ್ಲಿ ಗೊರಕೆ ಶುರು ಮಾಡಿದ ಮೇಲೆ ನಾನು ಅಡಕತ್ತರಿ ಸರಿಸಿ, ಕಟ್ಟು ಬಿಚ್ಚಿ, ಜಲಜಳ ಪೇಪರನ್ನೂ ನನ್ನದನ್ನೂ ತೆಗೆದು ಅಟ್ಟಕ್ಕೆ ಹೋದೆ. ಅವಳದ್ದೇ ಏಕೆಂದರೆ ಲೆಕ್ಕ ಬರುತ್ತಿದ್ದದ್ದು ಅವಳಿಗೆ ಮಾತ್ರ. ಆನೆಯ ಹಾಳೆ ಹರಿದು, ಹೊಸ ಹಾಳೆಯಲ್ಲಿ ಅಕ್ಷರ ಬಿಡದೆ ನಕಲು ಮಾಡಿ, ಎರಡನ್ನೂ ಕಟ್ಟಿಗೆ ಮರಳಿ ಸೇರಿಸಿದೆ. ಎಂಟನೇ ಲೆಕ್ಕದಲ್ಲಿ ಅವಳು ಅವಸರಕ್ಕೆ ಒಂದು ಅಂಕಿ ತಪ್ಪಿಸಿದ್ದಳು. ಆ ತಪ್ಪನ್ನೂ ಬಿಡಲಿಲ್ಲ. ನಕಲಿನಲ್ಲಿ ನಾನು ಪ್ರಾಮಾಣಿಕ.

ಮೂರು ದಿನದ ನಂತರ ಪೇಪರು ಕೈಗೆ ಬಂತು. ನನಗೆ ಎಂಬತ್ತನಾಲ್ಕು. ಜಲಜಳಿಗೆ ಮೂವತ್ತೊಂದು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳ ಕೈಯಿಂದ ಪೇಪರು ಕಿತ್ತುಕೊಂಡು, ಎರಡನ್ನೂ ಹಿಡಿದು ಎಮಿಲಿ ಟೀಚರ ಬಳಿ ಓಡಿದೆ. ಕುಚೇಷ್ಟೆಗೆ ನೋಡುವವರು ಬೇಕಲ್ಲ. ಅದೇ ಲೆಕ್ಕಕ್ಕೆ ನನ್ನದರಲ್ಲಿ ಸರಿ, ಅವಳದರಲ್ಲಿ 'ಕ್ರಮ ಸರಿಯಿಲ್ಲ'. ತಪ್ಪಾದ ಎಂಟನೇ ಲೆಕ್ಕಕ್ಕೂ ನನ್ನದರಲ್ಲಿ ಚೆಂದದ ಒಂದು ಸರಿ ಗೀಟು. "ನೋಡಿ ಟೀಚರ್, ದೊಡ್ಡಪ್ಪನಿಗೆ ಹೇಗೆ ಟೋಪಿ ಹಾಕಿದ್ದೇನೆ" ಎಂದೆ.

ಟೀಚರ್ ನಗಲಿಲ್ಲ. "ನಿನಗೆ ನಗು ಬರ್ತದಾ ವಾಸು? ಮೂವತ್ತೊಂದು ಅಂದ್ರೆ ಅವಳನ್ನು ಉಡುಪಿಗೆ ಕಳಿಸುದಿಲ್ಲ. ಗೊತ್ತುಂಟಾ ನಿನಗೆ?"

ನನಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಟೀಚರ್ ನನ್ನನ್ನೂ ಜಲಜಳನ್ನೂ ಕೈಹಿಡಿದು ಜಗಲಿಗೆ ಕರೆದೊಯ್ದರು. ಎರಡು ಪೇಪರುಗಳನ್ನು ಆರಾಮಕುರ್ಚಿಯ ಕೈಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ದೊಡ್ಡಪ್ಪ ಕನ್ನಡಕ ಹಾಕಿ ನೋಡಿದರು. ತುಂಬ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಅವರು ಮನುಷ್ಯರಾಗಬಹುದಿತ್ತು.

"ಇವಳು ಇವನದ್ದು ನೋಡಿ ಬರೆದಿದ್ದಾಳೆ" ಎಂದರು.

"ಇಲ್ಲ ದೊಡ್ಡಪ್ಪ, ನಾನೇ ಅವಳದ್ದು ಕದ್ದು ಬರೆದದ್ದು. ಅಟ್ಟದಲ್ಲಿ ಕೂತು" ಎಂದೆ. ನನ್ನ ಜೀವಮಾನದಲ್ಲಿ ನಾನು ಬಾಯಿಬಿಟ್ಟು ಒಪ್ಪಿಕೊಂಡ ಮೊದಲ ಸತ್ಯ ಅದು. ದೊಡ್ಡಪ್ಪ ನನ್ನ ತಲೆ ಸವರಿದರು.

"ನೋಡಿದಿರಾ ಟೀಚರ್, ಎಂಥ ಮನಸ್ಸು ಇವನದ್ದು. ಅವಳನ್ನು ಉಳಿಸ್ಲಿಕ್ಕೆ ಸುಳ್ಳು ಹೇಳ್ತಾ ಇದ್ದಾನೆ."

"ಹಾಗಾದ್ರೆ ಈಗಲೇ ಒಂದು ಲೆಕ್ಕ ಕೊಡುವ ಮಾಸ್ಟ್ರೇ, ಇಬ್ಬರಿಗೂ" ಎಂದರು ಟೀಚರ್. ತಾವೇ ಒಂದು ಭಾಗಾಕಾರ ಹೇಳಿದರು. ಜಲಜ ಜಗಲಿಯ ಸೆಗಣಿ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ಮುಗಿಸಿದಳು. ನಾನು ಬೆವರಿದೆ. ಬರೆದದ್ದನ್ನು ಅಳಿಸಿದೆ, ಮತ್ತೆ ಬರೆದೆ, ಕೊನೆಗೆ ಕೈಚೆಲ್ಲಿದೆ.

ದೊಡ್ಡಪ್ಪ ಅವಳದ್ದನ್ನು ನೋಡಿ, "ಬಾಯಿಪಾಠ" ಎಂದರು. ನನ್ನದನ್ನು ನೋಡಿ, "ಇವನು ಬೇಕಂತಲೇ ತಪ್ಪಿಸಿದ್ದು. ಇವನ ತಂಟೆ ಊರಿಗೇ ಗೊತ್ತುಂಟು" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು. "ಮೂವತ್ತು ವರ್ಷ ಮಕ್ಕಳನ್ನು ನೋಡಿದವ ನಾನು ಟೀಚರ್. ನನಗೆ ಪೇಪರು ಓದ್ಬೇಕಂತ ಇಲ್ಲ."

ಅವರನ್ನು ಸೋಲಿಸುವ ದಾರಿಯೇ ಇರಲಿಲ್ಲ, ತಿಳಿಯಿತಾ ನಿಮಗೆ? ಸರಿ ಮಾಡಿದವಳು ಬಾಯಿಪಾಠ, ತಪ್ಪು ಮಾಡಿದವನು ಜಾಣ. ನನ್ನ ತಂಟೆಗಳ ಖ್ಯಾತಿಯೇ ನನ್ನ ಸತ್ಯದ ಕತ್ತು ಹಿಸುಕಿತು. ಜಲಜ ನೆಲದ ಮೇಲಿನ ತನ್ನ ಲೆಕ್ಕವನ್ನು ಕಾಲಿನಿಂದ ಅಳಿಸಿ ಅಂಗಳಕ್ಕೆ ಇಳಿದುಹೋದಳು.

ಮರುದಿನ ಅವಳು ಬರಲಿಲ್ಲ. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಟೀಚರ್ ನನ್ನನ್ನು ಕರೆದುಕೊಂಡು ಉಚ್ಚಿಲಕ್ಕೆ ಹೋದರು. ಜಲಜಳ ಅಪ್ಪ ಬಲೆ ಹೆಣೆಯುತ್ತ ಕೂತಿದ್ದ. ಮೂರ್ಖನೆಂದು ದೊಡ್ಡಪ್ಪ ಹೇಳುತ್ತಿದ್ದ ಆ ಮನುಷ್ಯ ಟೀಚರ ಮಾತನ್ನು ಕೊನೆಯವರೆಗೆ ಕೇಳಿದ. ಕಟಪಾಡಿಯ ಶಾಲೆಗೆ ಹಾಕುವ, ಇನ್ನೊಂದು ವರ್ಷ ಕೊಡಿ ಎಂದರು ಟೀಚರ್. "ಒಂದು ವರ್ಷ ನಾನು ಹೇಗಾದ್ರೂ ಮಾಡ್ತೇನೆ ಬಾಯಮ್ಮ. ಅವಳು ಒಪ್ಪಬೇಕಲ್ಲ" ಎಂದ.

ಜಲಜ ಬಾಗಿಲಿನಲ್ಲಿ ನಿಂತಿದ್ದಳು. ಅತ್ತ ಹಾಗೂ ಇರಲಿಲ್ಲ. "ಸರಿ ಮಾಡಿದ್ರೂ ತಪ್ಪೇ ಆಗುದಾದ್ರೆ ಎಂತಕ್ಕೆ ಟೀಚರ್ ಮಾಡುದು?" ಎಂದಳು.

ಟೀಚರ್ ಗೊತ್ತಿಲ್ಲ ಎನ್ನಲೂ ಇಲ್ಲ, ನಾಳೆ ಹೇಳುತ್ತೇನೆ ಎನ್ನಲೂ ಇಲ್ಲ. ಮರಳಿನ ದಾರಿಯಲ್ಲಿ ಬರುವಾಗ ಒಮ್ಮೆ ಚಪ್ಪಲಿ ಕಳಚಿ ಮರಳು ಕೊಡವಿದರು. ಕೊಡವಿದ ಮೇಲೂ ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ನಡೆದರು. ಜೂನಿನಲ್ಲಿ ಅವರು ನಮ್ಮ ಶಾಲೆ ಬಿಟ್ಟು ಕಟಪಾಡಿಗೆ ಹೋದರು. ಕಂಬದ ಬುಡದ ಲೋಟವನ್ನು ದೊಡ್ಡಮ್ಮ ತುಂಬ ದಿನ ತೆಗೆಯಲಿಲ್ಲ.

ನಾನು ಉಡುಪಿಗೆ ಹೋಗಿ ಪರೀಕ್ಷೆ ಬರೆದು, ಲೆಕ್ಕದಲ್ಲಿ ಭರ್ಜರಿಯಾಗಿ ನಪಾಸಾದೆ. ನೂರಕ್ಕೆ ನೂರು ಮುರಿದದ್ದು ಗಂಧಸಾಲೆಯ ಮೊದಲ ಕಾಳು ಎಂದು ನಾನು ಇವತ್ತಿಗೂ ಎದೆ ಉಬ್ಬಿಸಿ ಹೇಳುತ್ತೇನೆ. ದೊಡ್ಡಪ್ಪ ಮಾತ್ರ ಅಲ್ಲಾಡಲಿಲ್ಲ. ಉಡುಪಿಯಲ್ಲಿ ಪೇಪರು ತಿದ್ದಿದವನಿಗೆ ಏನೂ ಗೊತ್ತಿಲ್ಲ ಎಂದರು. ಹಲಗೆಯನ್ನೂ ಬದಲಿಸಲಿಲ್ಲ. ಅವರು ನನ್ನನ್ನು ಸಾಕಿದವರು, ಜ್ವರ ಬಂದಾಗ ಎರಡು ಮೈಲಿ ಹೊತ್ತುಕೊಂಡು ಹೋದವರು. ಆದರೂ ಅವರ ವಿಷಯದಲ್ಲಿ ನನ್ನ ಮನಸ್ಸಿನಲ್ಲಿರುವುದು ತಿರಸ್ಕಾರವೇ, ಅದನ್ನು ಮೆತ್ತಗೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಅವರು ತೀರಿಕೊಂಡಾಗ ಗಂಧಸಾಲೆಯ ಹಳಬರೆಲ್ಲ ಬಂದು, ಇಂಥ ಮೇಷ್ಟ್ರು ಇನ್ನು ಹುಟ್ಟುವುದಿಲ್ಲ ಎಂದರು. ಹುಟ್ಟದಿರಲಿ ಎಂದು ನಾನೂ ಮನಸಾರೆ ಕೈಮುಗಿದೆ. ದೊಡ್ಡಮ್ಮ ಹೋದರು. ರಸ್ತೆ ಅಗಲವಾಗುತ್ತ ಆಗುತ್ತ ಜಗಲಿ, ಅಟ್ಟ, ಒಲೆ ಎಲ್ಲವನ್ನೂ ತಿಂದಿತು. ಈಗ ನಾವು ಊಟ ಮಾಡುತ್ತಿದ್ದ ಜಾಗದ ಮೇಲೆ ಲಾರಿಗಳು ಓಡುತ್ತವೆ. ಬಸ್ಸಿನಲ್ಲಿ ಆ ಕಡೆ ಹೋಗುವಾಗ ನಾನು ಕಣ್ಣು ಮುಚ್ಚಿ ಎಣಿಸಿ, ಇದು ಅಡುಗೆಮನೆ, ಇದು ಬಾವಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ.

ಅದಕ್ಕೂ ಮುಂಚೆ, ಮನೆಯೂ ಶಾಲೆಯೂ ಇನ್ನೂ ಇದ್ದ ಕಾಲದಲ್ಲಿ, ಅರವತ್ತರ ದಶಕದ ಒಂದು ಜೂನ್ ಬೆಳಿಗ್ಗೆ. ನಾನು ಆಗ ಮಣಿಪಾಲದ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದೆ. ಶಾಲೆಯ ಎದುರು ಬಸ್ಸು ಹತ್ತಿದೆ. ಕಿಟಕಿಯ ಬದಿಯಲ್ಲಿ ಜಲಜ ಕೂತಿದ್ದಳು, ಮಡಿಲಲ್ಲಿ ಐದಾರು ವರ್ಷದ ಹುಡುಗಿ. ಮೀನಿನ ಬುಟ್ಟಿ ಬಸ್ಸಿನ ತಲೆಯ ಮೇಲೆ. ಹುಡುಗಿಯ ಕೈಯಲ್ಲಿ ಹೊಸ ಸ್ಲೇಟು.

"ಎಲ್ಲಿಗೆ ಸವಾರಿ?" ಎಂದೆ.

"ಕಟಪಾಡಿಗೆ. ಇವಳನ್ನು ಶಾಲೆಗೆ ಹಾಕ್ಲಿಕ್ಕೆ."

"ಕಟಪಾಡಿಗೆ? ಅಷ್ಟು ದೂರ ದಿನಾ ಕರ್ಕೊಂಡು ಹೋಗುದಾ?"

"ನಾನು ಹೇಗೂ ಮೀನು ಕೊಂಡುಹೋಗ್ತೇನಲ್ಲ. ಟೀಚರ್ ಅಲ್ಲೇ ಇದ್ದಾರೆ" ಎಂದಳು. ಯಾವ ಟೀಚರ್ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಒಂದು ಪೋಲಿ ತಮಾಷೆ. ಅವಳು ನಕ್ಕಳು, ಅಷ್ಟು ಮಾಡಿದಳು ನನಗಾಗಿ.

ಬಸ್ಸು ಇನ್ನೂ ಹೊರಟಿರಲಿಲ್ಲ. ಡ್ರೈವರ್ ಇಳಿದು ಬೀಡಿ ಹಚ್ಚಿಕೊಂಡಿದ್ದ. ಹೊರಗೆ ಮಳೆ ಹನಿಯುತ್ತಿತ್ತು, ಮಕ್ಕಳು ಓಲೆಯ ಗೊರಬೆ ತಲೆಗೆ ಹಾಕಿಕೊಂಡು ಒಬ್ಬರ ಹಿಂದೆ ಒಬ್ಬರು ನಮ್ಮ ಶಾಲೆಯ ಬಾಗಿಲೊಳಗೆ ಹೋಗುತ್ತಿದ್ದರು. ಹುಡುಗಿ ಸ್ಲೇಟನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಸರಳಿಗೆ ಮುಖ ಹಚ್ಚಿದಳು.

"ಅಮ್ಮಾ, ಶಾಲೆ ಇಲ್ಲೇ ಉಂಟಲ್ಲ" ಎಂದಳು.

ಜಲಜ ಅತ್ತ ತಿರುಗಲಿಲ್ಲ. ಮಳೆಯ ಇರಚಲು ಮಗಳ ಮೇಲೆ ಬೀಳುತ್ತದೆಂದು ಕಿಟಕಿಯ ಟರ್ಪಾಲು ಇಳಿಸಿ, ಅದರ ಹಗ್ಗವನ್ನು ಬಿಗಿಯಾಗಿ ಕಟ್ಟಿದಳು.